ಗುರ್ಕಾರ್ನ್ ಫ್ಲೋರಾ ಮತ್ತು ಡೈಸಿಯ ತಾರಸಿ

ಚಿಲ್ಲರೆ ಸುರಿದ ಸದ್ದು. ಸ್ಟೀಲಿನ ತಟ್ಟೆಗೆ ಯಾರೋ ಮುಷ್ಟಿ ತುಂಬ ನಾಣ್ಯವನ್ನು ಎತ್ತರದಿಂದ ಬಿಟ್ಟ ಹಾಗೆ. ಹೊಲಿಗೆ ಮೆಷಿನಿನ ಪಕ್ಕದಲ್ಲಿ, ಬಟ್ಟೆಯ ತುಂಡುಗಳ ಕೆಳಗೆ ಮುಚ್ಚಿಟ್ಟಿದ್ದ ಫೋನಿನೊಳಗಿಂದ ಅದು ಬಂತು. ಫ್ಲೋರಾಳ ಕಾಲು ಪೆಡಲಿನ ಮೇಲೆ ಹಾಗೆಯೇ ನಿಂತಿತು. ಸೂಜಿ ಬಿಳಿ ಬಟ್ಟೆಯೊಳಗೆ ಅರ್ಧ ಇಳಿದು ಅಲ್ಲೇ ಉಳಿಯಿತು.

“ಎಂತ ಸದ್ದು ಅದು?” ಅಂಗಳದಿಂದ ಗಂಡ ಗಿಲ್ಬರ್ಟ್ ಕೇಳಿದ. ಬಸಳೆ ಚಪ್ಪರಕ್ಕೆ ಹಗ್ಗ ಬಿಗಿಯುತ್ತಿದ್ದ ಅವನ ಬೆನ್ನು ಮಾತ್ರ ಕಿಟಕಿಯಿಂದ ಕಾಣುತ್ತಿತ್ತು.

“ಎಂತದೂ ಇಲ್ಲ. ಮೆಸೇಜು.”

ದಿನಾ ಬೆಳಗ್ಗೆ ಈ ಸದ್ದು ಬರುತ್ತದೆ. ಅಂದಿನ ಲಾಭ ಅವಳ ಲೆಕ್ಕಕ್ಕೆ ಬಿತ್ತು ಎಂದು ಅದರ ಅರ್ಥ. ಮೊದಮೊದಲು ಅದನ್ನು ಕೇಳಿದಾಗ ಮದುವೆಮನೆಯ ಹುಡುಗಿಯಂತೆ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಈಗ ಅವಳು ಫೋನಿನ ಮೇಲೆ ಇನ್ನೊಂದು ತುಂಡು ಬಟ್ಟೆ ಎಳೆದಳು. ಆ ಲೆಕ್ಕದಿಂದ ಒಂದು ರೂಪಾಯಿಯೂ ಹೊರಗೆ ಬರುವುದಿಲ್ಲ ಎಂದು ಅವಳಿಗೆ ನಿನ್ನೆ ತಿಳಿದಿತ್ತು. ತಿಳಿದದ್ದನ್ನು ಯಾರಿಗೂ ಹೇಳಿರಲಿಲ್ಲ.

ಬೇಳದಿಂದ ಸೀತಾಂಗೋಳಿಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ತುಸು ಒಳಗೆ, ಕೆಂಪುಕಲ್ಲಿನ ಪಾಗಾರಗಳ ನಡುವೆ ಇಪ್ಪತ್ತು ಚಿಲ್ಲರೆ ಕೊಂಕಣಿ ಕ್ರೈಸ್ತರ ಮನೆಗಳಿವೆ. ಇಗರ್ಜಿಯ, ಎಂದರೆ ಚರ್ಚಿನ, ಲೆಕ್ಕದಲ್ಲಿ ಅದೊಂದು ವಾಡೊ. ಫ್ಲೋರಾ ಅದರ ಗುರ್ಕಾರ್ನ್, ಎಂದರೆ ಮುಖ್ಯಸ್ಥೆ. ಪಾದ್ರಿಗಳ ಸೂಚನೆಯನ್ನು ಮನೆಮನೆಗೆ ಮುಟ್ಟಿಸುವವಳು ಅವಳು. ಯಾರಾದರೂ ತೀರಿಕೊಂಡರೆ ಮೊದಲು ಫೋನ್ ಬರುವುದು ಅವಳಿಗೆ. ಅಣ್ಣತಮ್ಮಂದಿರ ನಡುವೆ ಬಾವಿಯ ನೀರಿಗೆ ಜಗಳವಾದರೆ ಇಬ್ಬರಿಗೂ ಚಹಾ ಕುಡಿಸಿ ಕೂರಿಸುವವಳೂ ಅವಳೇ. ಯಾವ ಮನೆಯ ಬಾಗಿಲನ್ನೂ ಅವಳು ತಟ್ಟಬೇಕಾಗಿಲ್ಲ. ಹಿಂದಿನಿಂದ ಬಂದು ಅಡುಗೆಮನೆಯಲ್ಲಿ ನಿಂತರೆ ಸಾಕು. “ಫ್ಲೋರಾಬಾಯಿ ಹೇಳಿದ್ದಾರೆ” ಎಂದರೆ ಅಲ್ಲಿ ಮಾತು ಮುಗಿಯಿತು. ಮಕ್ಕಳಿಲ್ಲದ ಅವಳಿಗೆ ವಾಡೊ ಕೊಟ್ಟ ಮಾನ ಅದು. ಅದನ್ನು ಅವಳು ಒಳ್ಳೆಯ ಸೀರೆಯಂತೆ ಜೋಪಾನವಾಗಿ ಉಟ್ಟಿದ್ದಳು.

ಹೊಲಿಗೆ ಅವಳ ಕಸುಬು. ಶಾಲೆಯ ಯೂನಿಫಾರ್ಮು, ಮದುಮಗಳ ಬಿಳಿ ಗೌನು, ಇಗರ್ಜಿಯ ಪೀಠದ ಮೇಲೆ ಹಾಸುವ ಕಸೂತಿಯ ಬಟ್ಟೆ. ಕಸೂತಿಯ ಹೊಸ ಮಾದರಿಗಳು ಸಿಗುತ್ತವೆಂದು ಯಾರೋ ಅವಳನ್ನು ಫೋನಿನ ಒಂದು ಗ್ರೂಪಿಗೆ ಸೇರಿಸಿದರು. ಅಲ್ಲಿ ಅವಳು ಹಾಕಿದ ಪೀಠದ ಬಟ್ಟೆಯ ಚಿತ್ರವನ್ನು ನೋಡಿ ಶ್ರೀರಂಜಿನಿ ಎಂಬವಳು ಮಾತಿಗೆ ಬಂದಳು. ಇಷ್ಟು ಚಂದದ ಕೈ ಯಾರದು ಎಂದು ಕೇಳಿದಳು. ಆಮೇಲೆ ದಿನಾ ಫೋನ್. ಊಟ ಆಯಿತೇ, ಅಂಕಲ್ ಅವರ ಮೊಣಕಾಲು ಹೇಗುಂಟು, ಬಿಸಿಲಿಗೆ ಹೊರಗೆ ಹೋಗಬೇಡಿ. ಮಂಗಳೂರಿನ ಕಡೆಯ ಇಂಪಾದ ಕನ್ನಡ. ಒಂದು ದಿನ, ತಾಯಿ ತೀರಿಕೊಂಡು ವರ್ಷವಾಯಿತು, ನಿಮ್ಮನ್ನು ಅಮ್ಮಾ ಎಂದು ಕರೆಯಲೇ ಎಂದು ಕೇಳಿದಳು. ಫ್ಲೋರಾ ಫೋನನ್ನು ಎದೆಗೆ ಒತ್ತಿಕೊಂಡು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಅತ್ತಿದ್ದಳು.

ಆ ಶ್ರೀರಂಜಿನಿಯ ಮುಖವನ್ನು ಅವಳು ಈವರೆಗೂ ಕಂಡಿಲ್ಲ. ಆಗ ಅದು ಹೊಳೆಯಲಿಲ್ಲ.

ದುಡ್ಡಿನ ಮಾತು ಬಂದದ್ದು ಆಮೇಲೆ, ಅದೂ ನಾಚಿಕೆಪಡುತ್ತಾ ಬಂದ ಹಾಗೆ. ಕ್ರಿಪ್ಟೊ ಎಂಬುದು ಕಂಪ್ಯೂಟರಿನೊಳಗಿನ ನಾಣ್ಯ, ಬಂಗಾರದಂತೆ ಅದಕ್ಕೂ ದಿನಕ್ಕೊಂದು ರೇಟು. ತಾನು ಕೆಲಸ ಮಾಡುವ ಕಂಪನಿಯ ಮೆಷಿನು ಅದನ್ನು ಕಡಿಮೆಗೆ ಕೊಂಡು ಜಾಸ್ತಿಗೆ ಮಾರುತ್ತದೆ, ನಷ್ಟ ಎಂಬುದೇ ಇಲ್ಲ, ದಿನಾ ಇಷ್ಟು ಅಂತ ಲಾಭ. ಹೊರಗಿನವರಿಗೆ ಹೇಳುವುದಿಲ್ಲ, ಅಮ್ಮ ಅಂತ ಹೇಳಿದ್ದು. ಫ್ಲೋರಾ ಹೊಲಿಗೆಯ ದುಡ್ಡಿನಲ್ಲಿ ಸ್ವಲ್ಪ ಹಾಕಿದಳು. ವಾರ ಕಳೆದು ತೆಗೆದು ನೋಡಿದಳು; ಲಾಭದ ಸಮೇತ ಬಂತು. ಆ ದುಡ್ಡಿನಲ್ಲಿ ಗಿಲ್ಬರ್ಟನಿಗೆ ಸಕ್ಕರೆ ಕಾಯಿಲೆಯವರು ಹಾಕುವ ಮೆತ್ತನೆಯ ಚಪ್ಪಲಿ ತಂದಳು.

ಅವಳು ತಪ್ಪು ಮಾಡಿದ್ದು ಅಲ್ಲಲ್ಲ. ಅದು ನಡೆದದ್ದು ದೇವಮಾತೆಯ ಎದುರಿನಲ್ಲಿ.

ಆ ವಾಡೊದಲ್ಲಿ ಸಾಯ್ಬಿಣ್, ಎಂದರೆ ಮಾತೆ ಮರಿಯಮ್ಮನ ಮೂರ್ತಿ, ದಿನಕ್ಕೊಂದು ಮನೆಯಂತೆ ಸುತ್ತು ಬರುತ್ತದೆ. ಸಂಜೆ ಎಲ್ಲರೂ ಆ ಮನೆಯಲ್ಲಿ ಸೇರಿ ಜಪಮಾಲೆ ಹೇಳುತ್ತಾರೆ. ಜಪ ಮುಗಿದು ಚಹಾ ಬರುವ ಮುಂಚೆ, ತಮಗೆ ಒದಗಿದ ಒಳ್ಳೆಯದನ್ನು ನೆನೆದು ಎದ್ದು ನಿಂತು ಉಪಕಾರ ಹೇಳುವುದು ಅಲ್ಲಿನ ರೂಢಿ. ಮಗಳ ಪರೀಕ್ಷೆ ಪಾಸಾಯಿತು, ಹಸು ಸಲೀಸಾಗಿ ಕರು ಹಾಕಿತು, ವೀಸಾ ಬಂತು, ಹೀಗೆ. ಮೂರ್ತಿಯ ಎದುರು ನಿಂತು ಹೇಳಿದ ಮಾತನ್ನು ಯಾರೂ ತಿರುಗಿಸಿ ಕೇಳುವುದಿಲ್ಲ, ಅದನ್ನು ಅಳೆದು ತೂಗುವುದಿಲ್ಲ. ಅಂಥ ಒಂದು ಸಂಜೆ ಫ್ಲೋರಾ ಎದ್ದು ನಿಂತು, ಈ ವಯಸ್ಸಿನಲ್ಲಿ ತನಗೊಬ್ಬಳು ಮಗಳು ಸಿಕ್ಕಿದ್ದಕ್ಕೂ, ಅವಳು ಕೈಹಿಡಿದು ತೋರಿಸಿದ ಸಂಪಾದನೆಗೂ ಉಪಕಾರ ಹೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಅವಳಿಗೆ ಅದು ಸತ್ಯವೇ ಆಗಿತ್ತು.

ಮರುದಿನವೇ ಎರಡು ಮನೆಯವರು ಬಂದು ಶ್ರೀರಂಜಿನಿಯ ನಂಬರು ಕೇಳಿ ಪಡೆದರು. ತುಸು ದಿನ ಬಿಟ್ಟು ಮೂರನೆಯವಳಾಗಿ ಬಂದವಳು ಡೈಸಿ.

ಡೈಸಿಯದು ಬೇಲಿಯಾಚೆಯ ಮನೆ. ಗಂಡ ಕಟ್ಟಡದಿಂದ ಬಿದ್ದು ತೀರಿಕೊಂಡ ಮೇಲೆ ಸೀತಾಂಗೋಳಿಯ ಒಂದು ತಿಂಡಿ ಪ್ಯಾಕಿಂಗ್ ಘಟಕಕ್ಕೆ ಹೋಗಿ ಮಗಳನ್ನು ಸಾಕುತ್ತಿರುವವಳು. ಪಂಚಾಯತಿನ ಯೋಜನೆಯಲ್ಲಿ ಮನೆ ಮಂಜೂರಾಗಿ, ಗೋಡೆ ಲಿಂಟಲಿನವರೆಗೆ ಎದ್ದು ನಿಂತಿತ್ತು. ಅದರ ಪಕ್ಕದಲ್ಲೇ ನೀಲಿ ಟಾರ್ಪಾಲಿನ ಕೆಳಗೆ ತಾಯಿ ಮಗಳ ವಾಸ. ತಾರಸಿ ಹಾಕುವ ಗಡು, ಎಂದರೆ ಕಂತು, ಈಗಷ್ಟೇ ಅವಳ ಖಾತೆಗೆ ಬಂದಿತ್ತು. ಮಳೆ ಹಿಡಿಯುವ ಮುಂಚೆ ಕಾಂಕ್ರೀಟ್ ಆಗಬೇಕು. ಆದರೆ ಕಬ್ಬಿಣದ ಕಂಪಿ, ಸಿಮೆಂಟಿನ ರೇಟು ಏರಿ ಆ ದುಡ್ಡು ಸಾಲದು ಎಂದು ಮೇಸ್ತ್ರಿ ಹೇಳಿದ್ದ. ಅದನ್ನು ಎರಡು ವಾರ ಶ್ರೀರಂಜಿನಿ ಮೇಡಮ್ಮನ ಬಳಿ ಇಟ್ಟರೆ ತಾರಸಿಯೂ ಆಗುತ್ತದೆ, ನೆಲಕ್ಕೆ ಟೈಲ್ಸೂ ಆಗುತ್ತದೆ ಎಂದು ಡೈಸಿ ಲೆಕ್ಕ ಹಾಕಿದ್ದಳು. ಆ ಲೆಕ್ಕವನ್ನು ಹಾಕಲು ಅವಳಿಗೆ ಕಲಿಸಿದವಳು ಫ್ಲೋರಾ. ನಂಬರು ಕೊಟ್ಟವಳೂ ಫ್ಲೋರಾ.

ಅಷ್ಟು ಹೊತ್ತಿಗೆ ಫ್ಲೋರಾ ತಾನೇ ಆಳಕ್ಕೆ ಇಳಿದಿದ್ದಳು. ಮೊಣಕಾಲಿನ ಆಪರೇಷನ್ ಆದ ಮೇಲೆ ಗಿಲ್ಬರ್ಟ್ ತನ್ನ ಪಿಕಪ್ ಗಾಡಿಯನ್ನು ಮಾರಿ, ಬಂದ ದುಡ್ಡನ್ನೆಲ್ಲ ಅವಳ ಹೆಸರಿನಲ್ಲಿ ಇಟ್ಟಿದ್ದ. ನಿನ್ನ ಕೈಯಲ್ಲಿದ್ದರೆ ನನಗೆ ನಿದ್ದೆ ಬರುತ್ತದೆ ಎಂದಿದ್ದ. ಅದೆಲ್ಲವೂ ಆ ಚಿಲ್ಲರೆಯ ಸದ್ದಿನೊಳಗೆ ಹೋಯಿತು. ಅವನ ಎಡಗಣ್ಣಿನ ಪೊರೆ ತೆಗೆಸಲು ಸ್ವಲ್ಪ ವಾಪಸು ಕೇಳಿದಾಗ ಮೊದಲ ಬಾರಿ ಬಾಗಿಲು ಮುಚ್ಚಿತು. ಲಾಭ ದೊಡ್ಡದಾದ ಕಾರಣ ಮೊದಲು ತೆರಿಗೆ ಕಟ್ಟಬೇಕು ಎಂದಳು ಶ್ರೀರಂಜಿನಿ. ಫ್ಲೋರಾ ಬಳೆ ಅಡವಿಟ್ಟು ಕಟ್ಟಿದಳು. ಆಮೇಲೆ ಭದ್ರತಾ ಠೇವಣಿ ಎಂದಳು. ಅದನ್ನೂ ಕಟ್ಟಿದಳು. ಇನ್ನು ಒಬ್ಬರನ್ನು ಸೇರಿಸಿ ಅಮ್ಮಾ, ಮೇಲಿನವರು ತಾವಾಗಿಯೇ ದುಡ್ಡು ಬಿಡಿಸುತ್ತಾರೆ ಎಂದಳು.

ಗಿಲ್ಬರ್ಟ್ ಬೈಯುವವನಲ್ಲ, ಹೊಡೆಯುವವನಂತೂ ಅಲ್ಲ. ವಿಷಯ ತಿಳಿದರೆ ಸುಮ್ಮನೆ ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟು ಕೂತುಬಿಡುತ್ತಾನೆ. ಆ ಕೂರುವುದನ್ನು ನೋಡಲಾರೆ ಎಂಬ ಭಯದಲ್ಲೇ ಅವಳ ದಿನಗಳು ಕಳೆಯುತ್ತಿದ್ದವು. ಅನ್ನ ಬಸಿಯುವಾಗ, ಬಾವಿಯಿಂದ ನೀರು ಸೇದುವಾಗ, ಜಪದ ಮಣಿ ಎಣಿಸುವಾಗಲೂ ಆ ಭಯ ಅವಳ ಸೆರಗು ಹಿಡಿದು ಹಿಂದೆ ಬರುತ್ತಿತ್ತು.

ನಿನ್ನೆ ಅವಳು ಸೀತಾಂಗೋಳಿಯ ಅಕ್ಷಯ ಕೇಂದ್ರಕ್ಕೆ ಹೋಗಿದ್ದಳು. ಅರ್ಜಿ ಹಾಕಲು, ಬಿಲ್ಲು ಕಟ್ಟಲು ಊರವರೆಲ್ಲ ಹೋಗುವ ಜಾಗ. ಅಲ್ಲಿ ಕೂರುವ ವಿಜೇತ್ ಅವಳ ಬಳಿ ಅಳತೆ ಕೊಟ್ಟು ಶಾಲೆಯ ಚಡ್ಡಿ ಹೊಲಿಸಿಕೊಂಡವನು. ಮಂಗಳೂರಿನಲ್ಲಿರುವ ತನ್ನ ಸಂಬಂಧಿಯೊಬ್ಬಳ ಕಥೆ ಎಂದು ಅವಳು ಎಲ್ಲವನ್ನೂ ಹೇಳಿದಳು. ವಿಜೇತ್ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳುತ್ತಿದ್ದವನು, ಅರ್ಧಕ್ಕೆ ಬಂದಾಗ ತೆಗೆದ.

“ನಷ್ಟವೇ ಇಲ್ಲ ಅಂತ ಹೇಳಿದ್ರಂತಾ? ಹಾಗಾದ್ರೆ ಅದು ವ್ಯಾಪಾರ ಅಲ್ಲ ಫ್ಲೋರಕ್ಕ. ಬಸಳೆ ಮಾರುವವರಿಗೂ ನಷ್ಟ ಉಂಟು.”

ಪ್ರತಿ ಸಲ ದುಡ್ಡು ಕಳಿಸಿದ್ದು ಯಾರ ಹೆಸರಿಗೆ ಎಂದು ಕೇಳಿದ. ಒಂದು ಸಲ ಯಾವುದೋ ಟ್ರೇಡರ್ಸ್, ಇನ್ನೊಂದು ಸಲ ಯಾವುದೋ ಗಂಡಸಿನ ಹೆಸರು, ಮತ್ತೊಂದು ಸಲ ಬೇರೆಯೇ ರಾಜ್ಯದ ಬ್ಯಾಂಕು. ಹೇಳುತ್ತಾ ಹೇಳುತ್ತಾ ಫ್ಲೋರಾ ತನ್ನನ್ನೇ ಕೇಳಿಕೊಂಡಳು. ಇಗರ್ಜಿಗೆ ವಾಡೊದ ವಂತಿಗೆ ಎತ್ತುವಾಗ ತಾನು ಯಾವತ್ತಾದರೂ ಹೀಗೆ ಮೂರು ಹೆಸರಿನಲ್ಲಿ ರಶೀದಿ ಕೊಟ್ಟದ್ದುಂಟೇ? ಒಂದು ನಿಜವಾದ ಕಂಪನಿಗೆ ಹೀಗೆ ಖಾತೆ ಬದಲಾಯಿಸುತ್ತಾ ಹೋಗುವ ಅಗತ್ಯವಿಲ್ಲ, ಫೋನಿನಲ್ಲಿ ಕಾಣುವ ಆ ದೊಡ್ಡ ಮೊತ್ತ ಬರೀ ಬರೆದ ಅಂಕಿ ಎಂದು ವಿಜೇತ್ ಹೇಳಿದ. ಮೊದಲ ಸಲ ಕೊಟ್ಟದ್ದು ನಂಬಿಸಲಿಕ್ಕೆ. ಅವಳಿಗೆ ಕೊಟ್ಟದ್ದು ಬೇರೆ ಯಾರಿಂದಲೋ ಕಿತ್ತ ದುಡ್ಡು ಇರಬಹುದು.

“ಒಂದು ಕೆಲಸ ಮಾಡಲಿಕ್ಕೆ ಹೇಳಿ ಅವರಿಗೆ. ತೆರಿಗೆಯನ್ನು ಒಳಗೆ ಇರುವ ದುಡ್ಡಿನಿಂದಲೇ ಮುರಿದುಕೊಳ್ಳಿ, ಉಳಿದದ್ದು ಕೊಡಿ ಅಂತ ಕೇಳಲಿ. ದುಡ್ಡು ಇದ್ರೆ ಮುರೀತಾರೆ. ನನ್ನ ಸಂಬಳದಲ್ಲಿ ಯಾರಾದ್ರೂ ಮುರಿಯದೆ ಬಿಟ್ಟಿದ್ದಾರಾ?”

ಅವಳು ಎದ್ದು ಹೊರಟಾಗ ಅವನು ದನಿ ತಗ್ಗಿಸಿದ. ಸೈಬರ್ ಪೊಲೀಸರ 1930 ಎಂಬ ನಂಬರು ಉಂಟು, ಬೇಗ ಹೇಳಿದಷ್ಟು ಒಳ್ಳೆಯದು, ಕೆಲವು ಸಲ ಬ್ಯಾಂಕಿನಲ್ಲಿ ದುಡ್ಡನ್ನು ತಡೆದು ಹಿಡಿಯಲಿಕ್ಕೆ ಆಗುತ್ತದೆ ಎಂದ. ಆಮೇಲೆ ಅವಳ ಮುಖ ನೋಡದೆ, “ನಿಮ್ಮ ಆ ಸಂಬಂಧಿಗೆ ಹೇಳಿ, ನಾಚಿಕೆ ಮಾಡ್ಕೊಳ್ಳುವಂಥದ್ದು ಎಂತ ಇಲ್ಲ ಅಂತ” ಎಂದ.

ಬಸ್ ನಿಲ್ದಾಣದಲ್ಲಿ, ಮೀನಿನ ಬುಟ್ಟಿ ಇಟ್ಟುಕೊಂಡು ನಿಂತ ಹೆಂಗಸರಿಂದ ದೂರ ಸರಿದು, ಫ್ಲೋರಾ ಶ್ರೀರಂಜಿನಿಗೆ ಫೋನ್ ಮಾಡಿದಳು. ವಿಜೇತ್ ಹೇಳಿಕೊಟ್ಟದ್ದನ್ನೇ ಕೇಳಿದಳು. ಆ ಕಡೆ, ಹಿಂದೆ ಎಲ್ಲೋ, ಬಹಳ ಜನ ಬೇರೆ ಬೇರೆ ಭಾಷೆಯಲ್ಲಿ ಮೆಲ್ಲಗೆ ಮಾತಾಡುತ್ತಿರುವುದು ಕೇಳಿಸಿತು. ಇಷ್ಟು ದಿನ ಅದು ಅವಳ ಕಿವಿಗೆ ಬಿದ್ದಿರಲಿಲ್ಲವೋ, ಬಿದ್ದರೂ ಅವಳು ಕೇಳಿಸಿಕೊಂಡಿರಲಿಲ್ಲವೋ.

“ಯಾರು ಕಲಿಸಿದ್ದು ಅಮ್ಮಾ ಇದನ್ನು?”

ದನಿ ಅದೇ. ಇಂಪೂ ಅದೇ. ಆದರೆ ಅದರ ಅಡಿಯಲ್ಲಿದ್ದ ನೆಲ ಬೇರೆಯಾಗಿತ್ತು. ನಿಮ್ಮ ಆಧಾರು, ನಿಮ್ಮ ಫೋಟೋ ನಮ್ಮಲ್ಲುಂಟು ಎಂದಿತು ಆ ದನಿ. ವಾಡೊದ ಎರಡು ಮನೆಯವರು ಸೇರಿದ್ದು ನಿಮ್ಮ ಹೆಸರಿನ ಕೆಳಗೆ, ಪೊಲೀಸರು ಬಂದರೆ ಮೊದಲು ಬರುವುದು ನಿಮ್ಮ ಅಂಗಳಕ್ಕೆ ಎಂದಿತು. ಆಮೇಲೆ ಮತ್ತೆ ಮಗಳಾಯಿತು. ಡೈಸಿ ಆಂಟಿ ನಾಳೆ ಬ್ಯಾಂಕಿಗೆ ಹೋಗುತ್ತೇನೆಂದು ಹೇಳಿದ್ದಾರೆ, ಅವರ ದುಡ್ಡು ಇತ್ತ ಬಂದ ಕೂಡಲೇ ನಿಮ್ಮದೆಲ್ಲ ಅತ್ತ ಬರುತ್ತದೆ, ಅಂಕಲ್‌ಗೆ ಎಂತದೂ ಗೊತ್ತಾಗುವುದಿಲ್ಲ. ನೀವು ಸುಮ್ಮನೆ ಇದ್ದರೆ ಸಾಕು ಅಮ್ಮಾ.

ಸುಮ್ಮನೆ ಇದ್ದರೆ ಸಾಕು. ಬಸ್ಸಿನಲ್ಲಿ ಕೂತು ಬರುವಾಗ ಫ್ಲೋರಾಳನ್ನು ನಿಜವಾಗಿ ಹೆದರಿಸಿದ್ದು ಪೊಲೀಸರ ಮಾತಲ್ಲ. ಅದು ಅವಳ ಒಳಗೇ ಎದ್ದ ಒಂದು ಲೆಕ್ಕ. ಒಂದು ವೇಳೆ ದುಡ್ಡು ಬಂದುಬಿಟ್ಟರೆ? ಎಲ್ಲ ಸುಳ್ಳು, ಇದೊಂದು ನಿಜವಾಗಿದ್ದರೆ? ಡೈಸಿ ತಾನಾಗಿಯೇ ಹೋಗುತ್ತಿದ್ದಾಳೆ, ತಾನು ಕೈಹಿಡಿದು ಎಳೆದದ್ದಲ್ಲ. ಈ ಮಾತನ್ನು ಯಾರು ತನ್ನ ಬಾಯಲ್ಲಿ ಆಡಿಸುತ್ತಿದ್ದಾರೆ ಎಂದು ಅವಳು ಬೆದರಿ ಕಿಟಕಿಯ ಸರಳನ್ನು ಹಿಡಿದುಕೊಂಡಳು. ಪಡುವಣ ದಿಕ್ಕಿನಲ್ಲಿ ಮೊದಲ ಕಪ್ಪು ಮೋಡಗಳು ಒಂದರ ಮೇಲೊಂದು ಏರುತ್ತಿದ್ದವು.

ಇಂದು ಬೆಳಗ್ಗೆ ಚಿಲ್ಲರೆಯ ಸದ್ದು ಅಡಗಿ ಸ್ವಲ್ಪ ಹೊತ್ತಿಗೆ ಡೈಸಿ ಬೇಲಿಯ ಬಳಿ ಬಂದಳು. ತಲೆಗೆ ಮಿಂದ ಕೂದಲನ್ನು ಟವೆಲಿನಲ್ಲಿ ಸುತ್ತಿದ್ದಳು.

“ಫ್ಲೋರಾಬಾಯಿ, ಇವತ್ತು ಸಾಯ್ಬಿಣ್ ನಮ್ಮಲ್ಲಿಗೆ ಅಲ್ಲವಾ? ಕೂರಿಸ್ಲಿಕ್ಕೆ ಟಾರ್ಪಾಲಿನ ಅಡಿ ಯಾಕೆ ಅಂತ, ಹೊಸ ಮನೆಯ ಒಳಗೇ ಮೇಜು ಇಟ್ಟಿದ್ದೇನೆ. ಮೇಲೆ ಆಕಾಶ ಉಂಟು ಅಷ್ಟೇ.” ಅವಳು ತನ್ನ ಮಾತಿಗೆ ತಾನೇ ನಕ್ಕಳು. “ಮಾತೆಗೆ ಆಕಾಶದ ಅಭ್ಯಾಸ ಉಂಟಲ್ಲ.”

ಫ್ಲೋರಾಳೂ ನಗಬೇಕೆಂದುಕೊಂಡಳು. ಮುಖ ಒಪ್ಪಲಿಲ್ಲ.

ಕೆಲಸಕ್ಕೆ ರಜೆ ಹಾಕಿದ್ದೇನೆ, ಈಗ ಬರುವ ಬಸ್ಸಿಗೆ ಬ್ಯಾಂಕಿಗೆ ಹೋಗಿ ಮೇಡಮ್ಮನಿಗೆ ದುಡ್ಡು ಹಾಕಿ ಬರುತ್ತೇನೆ ಎಂದಳು ಡೈಸಿ. ಸಂಜೆಯ ಜಪಕ್ಕೆ ಮುಂಚೆ ಆ ಕೆಲಸ ಮುಗಿಯಬೇಕು. ಆಗ ತನಗೂ ಎಲ್ಲರಂತೆ ಎದ್ದು ನಿಂತು ಉಪಕಾರ ಹೇಳಲು ಒಂದು ಮಾತು ಇರುತ್ತದೆ.

“ಗಂಡ ಹೋದ ಮೇಲೆ ನಾನು ಒಮ್ಮೆಯೂ ಎದ್ದು ನಿಂತದ್ದಿಲ್ಲ ಬಾಯಿ. ಎಂತ ಹೇಳ್ಲಿ? ಇವತ್ತು ನಿಮ್ಮ ಹೆಸರು ಹೇಳ್ತೇನೆ.”

ಹೋಗಬೇಡ ಎಂಬ ಒಂದು ಮಾತನ್ನು ಫ್ಲೋರಾ ಹೇಳಬೇಕಿತ್ತು. ಅದು ಹೊರಗೆ ಬಂದರೆ ಅದರ ಹಿಂದೆಯೇ ಪಿಕಪ್ಪಿನ ದುಡ್ಡು ಬರುತ್ತದೆ, ಅಡವಿಟ್ಟ ಬಳೆ ಬರುತ್ತದೆ, ಆ ಎರಡು ಮನೆಯವರು ಬಂದು ಅಂಗಳದಲ್ಲಿ ನಿಲ್ಲುತ್ತಾರೆ. ಬಾಗಿಲು ತಟ್ಟದೆ ಹೋಗುತ್ತಿದ್ದ ಅಡುಗೆಮನೆಗಳೆಲ್ಲ ಒಂದೊಂದಾಗಿ ಮುಚ್ಚುತ್ತವೆ. ಅವಳು ಬೇಲಿಯ ಗೂಟವನ್ನು ಹಿಡಿದು ನಿಂತಳು.

“ಆಯ್ತು,” ಎಂದಳು.

ಡೈಸಿ ಹೊರಡಲು ಒಳಗೆ ಹೋದಳು. ಅವಳ ಹೊಸ ಮನೆಯ ಗೋಡೆಗಳ ನಡುವೆ ಬಿಸಿಲು ಒಂದು ಚೌಕವಾಗಿ ಬಿದ್ದಿತ್ತು. ಆ ಚೌಕದೊಳಗೆ ಪುಟ್ಟ ಮೇಜು, ಅದರ ಮೇಲೆ ಫ್ಲೋರಾ ಹಿಂದೊಮ್ಮೆ ಹೊಲಿದು ಕೊಟ್ಟಿದ್ದ ಬಿಳಿ ಬಟ್ಟೆ. ಮೋಡ ಬಂದು ಆ ಬಿಸಿಲನ್ನು ಒರೆಸಿತು.

ಫ್ಲೋರಾ ಒಳಗೆ ಬಂದು ಮೆಷಿನಿನ ಎದುರು ಕೂತಳು. ಪೆಡಲು ತುಳಿದರೆ ಹೊಲಿಗೆ ಹಾವಿನಂತೆ ಓಡಿತು. ಬಿಚ್ಚಿದಳು. ಮತ್ತೆ ತುಳಿದಳು. ಫೋನು ಬಡಿದುಕೊಂಡಿತು. ಗಿಲ್ಬರ್ಟನಿಗೆ ಕೇಳಿಸಬಾರದೆಂದು ಅವಳು ಅದನ್ನು ಹಿಡಿದುಕೊಂಡು ಹಿಂದಿನ ಬಾಗಿಲಿಗೆ ಹೋಗಲು ಎದ್ದಳು. ಆದರೆ ಗಿಲ್ಬರ್ಟ್ ನೀರು ಕುಡಿಯಲೆಂದು ಆ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದ. ಅವಳು ತಿರುಗಿ ಜಗಲಿಗೆ ಬಂದಳು.

“ಡೈಸಿ ಆಂಟಿ ಹೊರಟರಾ ಅಮ್ಮಾ?” ಎಂದಿತು ದನಿ. “ನಾನು ಲೈನಲ್ಲೇ ಇರ್ತೇನೆ. ನೀವು ಅವರ ಜೊತೆ ಬ್ಯಾಂಕಿಗೆ ಹೋದ್ರೆ ಒಳ್ಳೇದು. ಅಲ್ಲಿ ಯಾರಾದ್ರೂ ಕೇಳಿದ್ರೆ ಮನೆ ಸಾಮಾನಿಗೆ ಅಂತ ಹೇಳ್ಲಿಕ್ಕೆ ಹೇಳಿ.”

ಬ್ಯಾಂಕಿನವರಿಗೆ ಸುಳ್ಳು ಹೇಳಿಸಬೇಕು. ಡೈಸಿಯ ಪಕ್ಕದಲ್ಲಿ ನಿಂತು ತಾನೇ ಹೇಳಿಸಬೇಕು. ಸುಮ್ಮನೆ ಇದ್ದರೆ ಸಾಕು ಎಂದವರಿಗೆ ಅದೂ ಸಾಲದು.

“ಯಾರದು ಫೋನು?” ಗಿಲ್ಬರ್ಟ್ ಚೊಂಬು ಹಿಡಿದುಕೊಂಡು ಜಗಲಿಗೆ ಬಂದ. ಅವಳ ಮುಖ ಕಂಡು ಚೊಂಬನ್ನು ದಂಡೆಯ ಮೇಲಿಟ್ಟ. “ಎಂತಾಯ್ತು ಫ್ಲೋರಾ? ಯಾರಾದ್ರೂ ತೀರಿಕೊಂಡ್ರಾ?”

ಅವನಿಗೆ ಅದೇ ಹೊಳೆದದ್ದು. ಗುರ್ಕಾರ್ನಿಗೆ ಬರುವ ಫೋನು ಮುಖದ ಬಣ್ಣ ತೆಗೆದರೆ ಇನ್ನೇನಿದ್ದೀತು?

“ಇಲ್ಲ,” ಎಂದಳು ಅವಳು. “ಪಿಕಪ್ಪಿನ ದುಡ್ಡು...”

“ಪಿಕಪ್ಪಿನ ದುಡ್ಡಿಗೆ ಎಂತಾಯ್ತು?”

ಡೈಸಿ ಕೊಡೆ ಬಿಡಿಸಿಕೊಂಡು ರಸ್ತೆಗೆ ಇಳಿಯುವುದು ಪಾಗಾರದಾಚೆ ಕಂಡಿತು. ಭಾನುವಾರ ಇಗರ್ಜಿಗೆ ಉಡುವ ಸೀರೆಯನ್ನು ಉಟ್ಟಿದ್ದಳು. ಕೈಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ಬಸ್ಸು ನಿಲ್ಲುವ ಜಾಗಕ್ಕೆ ಹೆಚ್ಚು ದೂರವಿಲ್ಲ.

“ಅಮ್ಮಾ, ಕೇಳ್ತಾ ಉಂಟಾ?” ಎಂದಿತು ದನಿ. “ಮಾತಾಡಿ. ನಿನ್ನೆ ಹೇಳಿದ್ದು ನೆನಪುಂಟಲ್ಲ? ನಿಮ್ಮ ಫೋಟೋವನ್ನು ಮೋಸ ಮಾಡಿದವಳು ಅಂತ ನಿಮ್ಮ ಇಗರ್ಜಿಯ ಗ್ರೂಪಿಗೆ ಹಾಕ್ಲಿಕ್ಕೆ ನನಗೆ ಒಂದು ನಿಮಿಷ ಸಾಕು.”

ಫ್ಲೋರಾ ಫೋನನ್ನು ಕಿವಿಯಿಂದ ತೆಗೆದಳು. ಸ್ಪೀಕರು ಒತ್ತಿದಳು. ಮಣ್ಣು ಮೆತ್ತಿದ್ದ ಗಿಲ್ಬರ್ಟನ ಅಂಗೈಯನ್ನು ಬಿಡಿಸಿ ಅದರಲ್ಲಿ ಇಟ್ಟಳು.

“ಇವಳು ಹೇಳ್ತಾಳೆ,” ಎಂದಳು. “ಎಲ್ಲ ಕೇಳಿ. ಬೈಯಬೇಡಿ, ಕಟ್ ಮಾಡಬೇಡಿ. ನಾನು ಎಂತ ಮಾಡಿದ್ದು ಅಂತ ಇವಳಿಗೇ ಚೆನ್ನಾಗಿ ಗೊತ್ತು.”

“ಅಮ್ಮಾ? ಯಾರ ಹತ್ತಿರ ಮಾತಾಡ್ತಾ ಇದ್ದೀರಿ?”

“ಯಾವ ಅಮ್ಮ?” ಗಿಲ್ಬರ್ಟ್ ಫೋನನ್ನೂ ಹೆಂಡತಿಯನ್ನೂ ಬದಲಿಸಿ ಬದಲಿಸಿ ನೋಡಿದ. “ಫ್ಲೋರಾ, ಇದು ಯಾರು? ಎಷ್ಟು ಹೋಯ್ತು? ಏಯ್, ನಿಲ್ಲು, ಅಷ್ಟು ಹೇಳಿ ಹೋಗು.”

ಅವಳು ಮೆಟ್ಟಿಲು ಇಳಿದಿದ್ದಳು. ಗೇಟಿನ ಚಿಲಕ ಒಂದು ಕೈಗೆ ಜಗ್ಗಲಿಲ್ಲ. ಎರಡೂ ಕೈ ಹಾಕಿ ತೆಗೆದಳು. ಬೆನ್ನ ಹಿಂದೆ ಗಂಡ ಏನೋ ಕೇಳುತ್ತಿದ್ದ, ಆ ಇಂಪಾದ ದನಿ ಅವನಿಗೆ ಏನೋ ಹೇಳತೊಡಗಿತ್ತು. ಫ್ಲೋರಾ ಬರಿಗಾಲಿನಲ್ಲಿ, ಕಾದ ಜಲ್ಲಿಯ ಮೇಲೆ, ಮುಂದೆ ಹೋಗುತ್ತಿದ್ದ ಆ ಕೊಡೆಯ ಕಡೆಗೆ ನಡೆದಳು.